ಹಾಲು ಒಂದೇ, ಮಾತು ಎರಡು: 'ಅಝೂರ್ ಮತ್ತು ಅಸ್ಮರ್' ಯಾಕೆ ನೋಡಬೇಕು?

ಶಾಲೆಗೆ ರಜೆ ಬಂತೆಂದರೆ ಮಕ್ಕಳಿಗೆ ಯಾವ ಸಿನಿಮಾ ತೋರಿಸೋದು ಅನ್ನೋ ಪ್ರಶ್ನೆ ಎಲ್ಲ ಮನೆಗಳಲ್ಲೂ ಏಳುತ್ತೆ. ನಮ್ಮ ಮನೆಗಳಲ್ಲಿ ಅದರ ಬಾಲಕ್ಕೆ ಇನ್ನೊಂದು ಪ್ರಶ್ನೆ ಅಂಟಿಕೊಂಡಿರುತ್ತೆ. ಆ ಸಿನಿಮಾದಲ್ಲಿ ನಮ್ಮ ಹೆಸರಿನವರು ಬಂದರೆ ಯಾವ ವೇಷದಲ್ಲಿ ಬರ್ತಾರೆ? ಪೇಟ ಸುತ್ತಿದ ಕಳ್ಳನಾಗಿಯೋ, ಕತ್ತಿ ಝಳಪಿಸುವ ಸಿಪಾಯಿಯಾಗಿಯೋ, ಪರದೆಯ ಹಿಂದೆ ನಿಂತು ಯಾರಾದರೂ ಬಂದು ಬಿಡಿಸಲಿ ಅಂತ ಕಾಯುವ ಹುಡುಗಿಯಾಗಿಯೋ? ಈ ಮೂರೂ ಅಲ್ಲದ ಸಿನಿಮಾ ಬೇಕೆಂದರೆ ಹುಡುಕಬೇಕಾಗುತ್ತೆ. 2015ರಲ್ಲಿ ದುಬೈಯಲ್ಲಿ ತಯಾರಾದ 'ಬಿಲಾಲ್' ಬಂದಾಗ ಹಲವರು ಮಕ್ಕಳನ್ನು ಕೂರಿಸಿಕೊಂಡು ನೋಡಿದ್ದು ಈ ಕಾರಣಕ್ಕೇ. ಅದಕ್ಕಿಂತ ಸುಮಾರು ಒಂಬತ್ತು ವರ್ಷ ಮೊದಲು ಫ್ರಾನ್ಸಿನಲ್ಲಿ ಬಂದ ಒಂದು ಆನಿಮೇಷನ್ ಚಿತ್ರದ ಬಗ್ಗೆ ನಮ್ಮಲ್ಲಿ ಮಾತಾಡಿದವರು ತೀರಾ ಕಡಿಮೆ. ಅದರ ಹೆಸರು 'ಅಝೂರ್ ಮತ್ತು ಅಸ್ಮರ್'. ಈ ಬರಹ ಅದರ ಪರವಾಗಿ.

ಚಿತ್ರದ ನಿರ್ದೇಶಕ ಮಿಷೆಲ್ ಓಸ್ಲೋ. ಫ್ರೆಂಚರು. ಬಾಲ್ಯದ ಕೆಲವು ವರ್ಷಗಳನ್ನು ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿ ಕಳೆದವರು. ಆ ಕಡೆಯ ಜನಪದ ಕತೆಯೊಂದನ್ನು ಆಧರಿಸಿ 1998ರಲ್ಲಿ ಅವರು ಮಾಡಿದ 'ಕಿರಿಕು ಮತ್ತು ಮಾಟಗಾತಿ' ಅವರಿಗೆ ದೊಡ್ಡ ಹೆಸರು ತಂದಿತ್ತು. ಆಮೇಲೆ ಹಲವು ವರ್ಷ ದುಡಿದು 2006ರಲ್ಲಿ 'ಅಝೂರ್ ಮತ್ತು ಅಸ್ಮರ್' ತೆರೆಗೆ ತಂದರು. ಕಾನ್ ಚಿತ್ರೋತ್ಸವದ ಜೊತೆಗೇ ನಡೆಯುವ 'ನಿರ್ದೇಶಕರ ಪಾಕ್ಷಿಕ'ದಲ್ಲಿ ಅದೇ ವರ್ಷ ಅದು ಪ್ರದರ್ಶನವಾಯಿತು. ಸಂಗೀತ ಲೆಬನಾನಿನಲ್ಲಿ ಹುಟ್ಟಿದ ಗೇಬ್ರಿಯಲ್ ಯಾರೆದ್ ಅವರದು. 'ದಿ ಇಂಗ್ಲಿಷ್ ಪೇಷೆಂಟ್' ಸಂಗೀತಕ್ಕೆ ಆಸ್ಕರ್ ಪಡೆದವರು. ತಾಯಿಯ ಪಾತ್ರಕ್ಕೆ ದನಿ ಕೊಟ್ಟವರು ಪ್ಯಾಲೆಸ್ತೀನಿ ನಟಿ ಹಿಯಾಮ್ ಅಬ್ಬಾಸ್. ಇಷ್ಟೆಲ್ಲ ಇದ್ದೂ ಫ್ರಾನ್ಸಿನ ಹೊರಗೆ ಚಿತ್ರ ಹೆಚ್ಚು ಸದ್ದು ಮಾಡಲಿಲ್ಲ. ಬ್ರಿಟನ್ನಿನಲ್ಲಿ 'ರಾಜಕುಮಾರರ ಅನ್ವೇಷಣೆ' ಅನ್ನೋ ಅರ್ಥದ ಬೇರೆ ಹೆಸರಿನಲ್ಲಿ ಬಂದು ಹೋಯಿತು. ಅಭಿಮಾನಿಗಳು ಇಲ್ಲ ಅಂತಲ್ಲ. ಇರುವವರು ಗಟ್ಟಿ ಅಭಿಮಾನಿಗಳು. ಆದರೆ ಅವರ ಮೆಚ್ಚುಗೆ ಬಹುಪಾಲು ಚಿತ್ರದ ಅಂದದ ಬಗ್ಗೆ. ಯಾವ ಕ್ಷಣದಲ್ಲಿ ನಿಲ್ಲಿಸಿದರೂ ಗೋಡೆಗೆ ತೂಗುಹಾಕಬಹುದಾದ ಚಿತ್ರ ಅಂತ ಹೇಳ್ತಾರೆ. ಮಾತು ನಿಜ, ಆದರೆ ಅರ್ಧ ನಿಜ.

ಮೊದಲು ಕತೆ. ಜೆನಾನ್ ಅನ್ನೋ ಅರಬ್ ಹೆಣ್ಣುಮಗಳು ಮಧ್ಯಯುಗದ ಯುರೋಪಿನ ಒಬ್ಬ ಜಮೀನುದಾರನ ಮನೆಯಲ್ಲಿ ದಾದಿ. ತಾಯಿ ಇಲ್ಲದ ಯಜಮಾನನ ಮಗು ಅಝೂರ್‌ಗೂ ಅವಳದೇ ಹಾಲು, ತನ್ನ ಮಗು ಅಸ್ಮರ್‌ಗೂ ಅವಳದೇ ಹಾಲು. ಒಂದಕ್ಕೆ ಹೊಂಬಣ್ಣದ ಕೂದಲು, ನೀಲಿ ಕಣ್ಣು. ಇನ್ನೊಂದಕ್ಕೆ ಕಪ್ಪು ಕೂದಲು, ಕಪ್ಪು ಕಣ್ಣು. ಹೆಸರುಗಳೂ ಹಾಗೇ: ಅಝೂರ್ ಅಂದರೆ ಆಕಾಶನೀಲಿ, ಅರಬಿಯಲ್ಲಿ ಅಸ್ಮರ್ ಅಂದರೆ ಕಂದುಬಣ್ಣದವನು. ಜೆನಾನ್ ಅನ್ನುವಲ್ಲಿ ನಮಗೆ ಗೊತ್ತಿರುವ 'ಜನ್ನತ್' ಪದದ ಬೇರಿದೆ, ತೋಟಗಳು ಅಂತ ಅರ್ಥ. ಅವಳು ಇಬ್ಬರಿಗೂ ಕಡಲಾಚೆಯ ನಾಡಿನಲ್ಲಿ ಸೆರೆಯಲ್ಲಿರುವ ಜಿನ್ನ್ ಯಕ್ಷಿಯ ಕತೆ ಹೇಳಿ ಬೆಳೆಸುತ್ತಾಳೆ. ಮಕ್ಕಳು ಎಲ್ಲದಕ್ಕೂ ಜಗಳಾಡುತ್ತವೆ, ಒಂದನ್ನು ಬಿಟ್ಟು ಇನ್ನೊಂದು ಇರೋದೂ ಇಲ್ಲ. ಯಜಮಾನನಿಗೆ ಇದು ಸರಿಬರಲ್ಲ. ಮಗನನ್ನು ಪಾಠ ಕಲಿಯಲು ಊರಾಚೆ ಕಳಿಸಿ, ದಾದಿಯನ್ನೂ ಅವಳ ಮಗನನ್ನೂ ಬರಿಗೈಯಲ್ಲಿ ಹೊರಗಟ್ಟುತ್ತಾನೆ. ವರ್ಷಗಳು ಕಳೆದು ಯುವಕನಾದ ಅಝೂರ್ ಆ ಯಕ್ಷಿಯನ್ನು ಹುಡುಕಿಕೊಂಡು ಕಡಲು ದಾಟುತ್ತಾನೆ. ಅಲೆಗೆ ಸಿಕ್ಕಿ ಹಡಗಿನಿಂದ ಬಿದ್ದು, ಗುರುತು ಪರಿಚಯ ಇಲ್ಲದ ದಡ ಸೇರುತ್ತಾನೆ. ಅದೇ ಯಕ್ಷಿಯ ಬೆನ್ನು ಹತ್ತಿರುವ ಅಸ್ಮರ್ ಅಲ್ಲಿ ಇದ್ದಾನೆ. ಸಾಹಸಕತೆ ಶುರುವಾಗೋದು ಹೀಗೆ.

ಈಗ ಅಭಿಮಾನಿಗಳು ಬಿಟ್ಟ ಅರ್ಧಕ್ಕೆ ಬರೋಣ. ಈ ಚಿತ್ರದಲ್ಲಿ ಧಾರಾಳವಾಗಿ ಅರಬಿ ಮಾತಿದೆ. ಜೆನಾನ್ ತೊಟ್ಟಿಲ ಮಕ್ಕಳಿಗೆ ಹೇಳುವ ಮಾತು ಅರಬಿ. ದಡದಲ್ಲಿ ಅಝೂರ್‌ನನ್ನು ಕಂಡು ಹೆದರಿ ಓಡುವವರ ಕೂಗು ಅರಬಿ. ಸಂತೆಯವರು, ಕಾವಲಿನವರು, ಸಿಟ್ಟಿಗೆದ್ದ ಅಸ್ಮರ್, ಎಲ್ಲರೂ ಅರಬಿಯಲ್ಲಿ ಮಾತಾಡುತ್ತಾರೆ. ಆ ಮಾತಿಗೆ ಓಸ್ಲೋ ಸಬ್‌ಟೈಟಲ್ ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ. ಪ್ಯಾರಿಸ್ಸಿನ ಥಿಯೇಟರಿನಲ್ಲಿ ಕೂತ ಫ್ರೆಂಚ್ ಮಗುವಿಗೆ ಅರ್ಥವಾಗಲಿಲ್ಲವೇ, ಆಗದೇ ಇರಲಿ. ಅದೇ ಸಾಲಿನಲ್ಲಿ ಕೂತ ಅಲ್ಜೀರಿಯಾ ಅಥವಾ ಮೊರಾಕ್ಕೊ ಮೂಲದ ಮಗುವಿಗೆ ಮಾತ್ರ ಅರ್ಥವಾಯಿತು. ಇಡೀ ಶಾಲಾ ದಿನದಲ್ಲಿ ಮನೆಮಾತನ್ನು ಬಾಯಲ್ಲೇ ಅಡಗಿಸಿಕೊಂಡಿರುವ ಮಗು, ಸಿನಿಮಾ ನಡೆಯುವಷ್ಟು ಹೊತ್ತು ಪಕ್ಕದವರಿಗಿಂತ ಹೆಚ್ಚು ತಿಳಿದ ಮಗುವಾಯಿತು.

ಇದು ಸಣ್ಣ ಸಂಗತಿ ಅಂತ ಅನ್ನಿಸಿದರೆ, ಇದೇ ಬಗೆಯ ಬೇರೆ ಚಿತ್ರಗಳು ಏನು ಮಾಡಿದವು ಅಂತ ನೆನಪಿಸಿಕೊಳ್ಳಿ. 1992ರ 'ಅಲಾದ್ದೀನ್' ನಮಗೆಲ್ಲ ಗೊತ್ತು. ಅದರ ಆರಂಭದ ಹಾಡಿನಲ್ಲಿ ಆ ನಾಡಿನಲ್ಲಿ ಕಿವಿ ಕತ್ತರಿಸುತ್ತಾರೆ ಅನ್ನೋ ಅರ್ಥದ ಸಾಲಿತ್ತು. ಅಮೆರಿಕದ ಅರಬರು ಆಕ್ಷೇಪ ಎತ್ತಿದ ಮೇಲೆ 1993ರ ವಿಡಿಯೊ ಆವೃತ್ತಿಯಲ್ಲಿ ಅದನ್ನು ಬದಲಿಸಿದರು. ಆ ನಾಡೇ ಅನಾಗರಿಕ ಅನ್ನೋ ಮಾತನ್ನು ಹಾಗೇ ಉಳಿಸಿಕೊಂಡರು. ಅಲ್ಲಿ ನಾಯಕ, ನಾಯಕಿ ಮಾತಾಡೋದು ಅಚ್ಚ ಅಮೆರಿಕನ್ ಇಂಗ್ಲಿಷ್. ಅರಬ್ ಧಾಟಿಯ ಇಂಗ್ಲಿಷ್ ಏನಿದ್ದರೂ ಸಂತೆಯ ವ್ಯಾಪಾರಿಗೆ, ಒರಟು ಕಾವಲುಗಾರನಿಗೆ. ಇನ್ನು 2003ರ 'ಸಿಂದ್‌ಬಾದ್'. ಅದಕ್ಕೂ ನಿಷ್ಠಾವಂತ ಅಭಿಮಾನಿಗಳಿದ್ದಾರೆ, ಕಡಲ ದೃಶ್ಯಗಳು ಚೆನ್ನಾಗಿವೆ, ಒಪ್ಪೋಣ. ಆದರೆ ಬಗ್ದಾದಿನ ನಾವಿಕ ಅಲ್ಲಿ ಗ್ರೀಕ್ ದೇವತೆಯ ಆಟಕ್ಕೆ ಸಿಕ್ಕಿ, ಸಿರಾಕ್ಯೂಸ್ ನಗರದ ರಾಜಕುಮಾರನ ಗೆಳೆಯನಾಗಿಬಿಟ್ಟಿದ್ದಾನೆ. ಬಗ್ದಾದಿನ ಸುಳಿವೇ ಇಲ್ಲ. ಆ ವರ್ಷ ಬಗ್ದಾದ್ ಯಾಕೆ ಸುದ್ದಿಯಲ್ಲಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದು ಚಿತ್ರ ನಾಡನ್ನು ಇಟ್ಟುಕೊಂಡು ಜನರನ್ನು ಹಳಿಯಿತು, ಇನ್ನೊಂದು ಹೆಸರನ್ನು ಇಟ್ಟುಕೊಂಡು ನಾಡನ್ನೇ ಅಳಿಸಿತು. ಓಸ್ಲೋ ನಾಡು, ಹೆಸರು, ಭಾಷೆ ಮೂರನ್ನೂ ಉಳಿಸಿಕೊಂಡರು. ಭಾಷೆ ಉಳಿಯೋದು ಎಷ್ಟು ಕಷ್ಟ ಅಂತ ಮುಂಬೈಯಲ್ಲೋ ಪುಣೆಯಲ್ಲೋ ಮಕ್ಕಳನ್ನು ಬೆಳೆಸಿದ ಕನ್ನಡದವರಿಗೆ ಗೊತ್ತು.

ನಮಗೆ, ಅಂದರೆ ಈ ಕಡೆಯ ಮುಸ್ಲಿಮರಿಗೆ, ಈ ಅರಬಿಯಲ್ಲಿ ಇನ್ನೊಂದು ಸ್ವಾರಸ್ಯ ಇದೆ. ನಮ್ಮ ಬಹುಪಾಲು ಮಂದಿಗೆ ಅರಬಿ ಅಂದರೆ ವುಜೂ ಮಾಡಿ ಕೂತು ಓದುವ ಭಾಷೆ. ಅಕ್ಷರ ಗೊತ್ತು, ಉಚ್ಚಾರ ಗೊತ್ತು, ಅರ್ಥಕ್ಕೆ ಉಸ್ತಾದರನ್ನೋ ಅನುವಾದವನ್ನೋ ಕೇಳಬೇಕು. ಅಡುಗೆಮನೆಯಲ್ಲಿ ಗದರಿಸೋದಕ್ಕೆ ನಮಗೆ ದಖನಿ, ಬ್ಯಾರಿ, ನವಾಯತಿ ಇವೆ. ಈ ಚಿತ್ರದಲ್ಲಿ ಅರಬಿ ಅಡುಗೆಮನೆಗೆ ಇಳಿದು ಬಂದಿದೆ. ತಾಯಿ ಮುದ್ದು ಮಾಡ್ತಾಳೆ, ಹುಡುಗರು ಬೈದಾಡ್ತಾರೆ, ವ್ಯಾಪಾರಿ ಕೂಗ್ತಾನೆ. ಗೌರವಕ್ಕೆ ಎತ್ತಿಟ್ಟ ಭಾಷೆ ಹೀಗೆ ಮೈಕೈ ಮಣ್ಣು ಮಾಡಿಕೊಂಡು ಓಡಾಡೋದನ್ನು ನೋಡಿದಾಗ ಮೊದಲು ಸ್ವಲ್ಪ ಗಲಿಬಿಲಿ, ಆಮೇಲೆ ಖುಷಿ. ಹಾಗೆ ನೋಡಿದರೆ ಕನ್ನಡವೂ ಅರಬಿಗೆ ಅಪರಿಚಿತ ಅಲ್ಲ. ತಾರೀಖು, ಜಿಲ್ಲೆ, ತಾಲ್ಲೂಕು, ವಕೀಲ, ಹಾಜರಿ, ಬಾಕಿ, ವಸೂಲಿ: ಸರ್ಕಾರಿ ಕಚೇರಿಯ ಅರ್ಧ ಮಾತು ಅಲ್ಲಿಂದ ಬಂದದ್ದು. ಆದರೆ ಲಾಲಿ ಹಾಡುವ ಅರಬಿ ನಮ್ಮ ಕಿವಿಗೆ ಹೊಸದು.

ಎರಡನೆಯ ಮುಖ್ಯ ಸಂಗತಿ ಹಾಲು. ಅಝೂರ್, ಅಸ್ಮರ್ ಒಂದೇ ಎದೆಯ ಹಾಲು ಕುಡಿದವರು. ಇದನ್ನು 'ನಾವೆಲ್ಲ ಒಂದೇ' ಅನ್ನುವ ಸಾಮಾನ್ಯ ಸಂದೇಶ ಅಂತ ಓದಿ ಮುಂದೆ ಹೋಗುವವರಿದ್ದಾರೆ. ನಮ್ಮ ಓದುಗರು ಹಾಗೆ ಹೋಗಬೇಕಾಗಿಲ್ಲ. ಹಾಲಿನ ಸಂಬಂಧ ನಮ್ಮಲ್ಲಿ ಬರೀ ಮಾತಿನ ಅಲಂಕಾರ ಅಲ್ಲ, ಕಾನೂನು. ಉರ್ದುವಿನಲ್ಲಿ 'ದೂಧ್ ಶರೀಕ್ ಭಾಯಿ' ಅಂತ ಕರೀತಾರೆ, ಶರೀಅತ್ತಿನಲ್ಲಿ ಅದಕ್ಕೆ 'ರದಾಅ'ದ ನಿಯಮಗಳಿವೆ. ಒಂದೇ ತಾಯಿಯ ಹಾಲು ಕುಡಿದ ಹುಡುಗ ಹುಡುಗಿಗೆ ನಿಕಾಹ್ ಆಗಲ್ಲ, ಯಾಕೆಂದರೆ ಅವರು ಒಡಹುಟ್ಟಿದವರ ಹಾಗೆ. ಪ್ರವಾದಿ ಮುಹಮ್ಮದ್ (ಸ) ಅವರಿಗೆ ಹಾಲೂಡಿ ಸಾಕಿದ ಹಲೀಮಾ ಸಾದಿಯಾ ಅವರ ಕತೆಯನ್ನು ಕೇಳದೆ ಬೆಳೆದ ಮಗು ನಮ್ಮಲ್ಲಿ ಇರಲಾರದು. ಹಾಲು ಕೊಟ್ಟವಳು ಕೂಲಿಯವಳಲ್ಲ, ತಾಯಿ. ಆ ತಾಯ್ತನಕ್ಕೆ ಹಕ್ಕೂ ಇದೆ, ಕಟ್ಟಳೆಯೂ ಇದೆ.

ಈ ತಿಳಿವಳಿಕೆ ಇಟ್ಟುಕೊಂಡು ಆ ಯಜಮಾನ ಜೆನಾನ್‌ಳನ್ನು ಹೊರಗಟ್ಟುವ ದೃಶ್ಯ ನೋಡಿ. ಅವನ ಕಣ್ಣಿಗೆ ಅವಳು ಕೆಲಸ ಮುಗಿದ ಆಳು. ಅವಳ ಲೆಕ್ಕದಲ್ಲಿ ಅವನು ಕಿತ್ತುಕೊಂಡದ್ದು ಮಗನನ್ನು. ಇಬ್ಬರ ಲೆಕ್ಕವೂ ಬೇರೆಬೇರೆ ಪುಸ್ತಕದಲ್ಲಿದೆ, ಹಾಗಾಗಿ ಅವಳು ವಾದ ಮಾಡಿ ಗೆಲ್ಲೋದಕ್ಕೆ ಜಾಗವೇ ಇಲ್ಲ. ಮುಂದೆ ಅಝೂರ್ ಕಡಲು ದಾಟಿ ಬಂದಾಗ ಅವಳ ನಾಡಿನಲ್ಲಿ ಅವಳ ಪುಸ್ತಕ ನಡೀತದೆ. ಬೀದಿಯಲ್ಲಿ ಅವನು ಅವಳನ್ನು ಗುರುತು ಹಿಡಿಯೋದು ಮುಖದಿಂದ ಅಲ್ಲ, ದನಿಯಿಂದ. ಅವಳು ಈಗ ಆ ಊರಿನ ಅತಿ ಶ್ರೀಮಂತ ವ್ಯಾಪಾರಿ. ಅವನನ್ನು ಮಗ ಅಂತ ಬರಮಾಡಿಕೊಳ್ಳುತ್ತಾಳೆ. ಯಕ್ಷಿಯನ್ನು ಹುಡುಕಿ ಹೊರಟ ಇಬ್ಬರಿಗೂ ಸರಿಸಮಾನವಾಗಿ ಖರ್ಚು ಮಾಡಿ ಸಜ್ಜು ಮಾಡುತ್ತಾಳೆ. ಹೆತ್ತ ಮಗನಿಗೆ ಒಂದು ಗುಲಗಂಜಿ ಹೆಚ್ಚಿಲ್ಲ. ತನಗೆ ಎರಡು ನಾಡು, ಎರಡು ಮಾತು, ಎರಡು ಧರ್ಮ ಗೊತ್ತು, ಆದ್ದರಿಂದ ಬೇರೆಯವರಿಗಿಂತ ಎರಡರಷ್ಟು ಗೊತ್ತು ಅನ್ನೋ ಅರ್ಥದಲ್ಲಿ ಅವಳು ಒಂದು ಕಡೆ ಮಾತಾಡ್ತಾಳೆ. ಬೆಂಗಳೂರಿನಿಂದ ಹೈದರಾಬಾದಿಗೋ, ಮಂಗಳೂರಿನಿಂದ ಮುಂಬೈಗೋ ಬಂದು ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಕೆಲಸದಲ್ಲಿ ಒಂದು ಭಾಷೆ ನಡೆಸುವ ಹೆಂಗಸರು ಈ ಮಾತು ಕೇಳಿ ತಲೆಯಾಡಿಸಿಯಾರು. ಹಾಗೆ ಬದುಕುವವರನ್ನು ನೋಡಿ ಜನ ಸಾಮಾನ್ಯವಾಗಿ 'ಯಾವ ಭಾಷೆಯೂ ಸರಿಯಾಗಿ ಬರಲ್ಲ' ಅಂತಾರೆ. ಜೆನಾನ್ ಅದೇ ಸಂಗತಿಯನ್ನು ಆಸ್ತಿ ಅಂತ ಎಣಿಸುತ್ತಾಳೆ.

ಮೂರನೆಯದು ಕಣ್ಣು. ಅಝೂರ್ ದಡ ಸೇರಿದಾಗ ಜನ ಅವನನ್ನು ಕಂಡು ದೂರ ಓಡುತ್ತಾರೆ. ಆ ನಾಡಿನಲ್ಲಿ ನೀಲಿ ಕಣ್ಣು ಅಪಶಕುನ. ಮೆಡಿಟರೇನಿಯನ್ ಸುತ್ತಲಿನ ನಾಡುಗಳಲ್ಲಿ ನೀಲಿ ಕಣ್ಣಿಗೂ ದೃಷ್ಟಿ ತಗಲುವುದಕ್ಕೂ ನಂಟು ಹಚ್ಚುವ ಹಳೆಯ ನಂಬಿಕೆ ಇದೆ. ದೃಷ್ಟಿ ತೆಗೆಯಲು ತುರ್ಕಿಯವರು ಕಟ್ಟುವ ನೀಲಿ ಮಣಿ ನೀವೂ ನೋಡಿರಬಹುದು. ಹಾಗಾಗಿ ಅಝೂರ್ ಕಣ್ಣು ಮುಚ್ಚಿಕೊಂಡು ಕುರುಡನ ಹಾಗೆ ನಟಿಸಲು ಶುರು ಮಾಡುತ್ತಾನೆ. ತನ್ನ ನಾಡಿನಲ್ಲಿ ಚೆಲುವಿನ ಗುರುತಾಗಿದ್ದದ್ದೇ ಇಲ್ಲಿ ಬಚ್ಚಿಡಬೇಕಾದ ಕಳಂಕ. ವಲಸಿಗನ ಪಾಡನ್ನು ಹೇಳಲು ಓಸ್ಲೋ ಅರಬ್ ಹುಡುಗನನ್ನು ಯುರೋಪಿನ ಬೀದಿಯಲ್ಲಿ ನಿಲ್ಲಿಸಲಿಲ್ಲ. ಬಿಳಿ ಹುಡುಗನನ್ನು ಅರಬ್ ದಡದಲ್ಲಿ ನಿಲ್ಲಿಸಿದರು. ನೋಡುವ ಫ್ರೆಂಚ್ ಮಗುವಿಗೆ ಕರುಣೆ ತೋರುವ ಸೌಲಭ್ಯ ಇಲ್ಲಿಲ್ಲ, ಯಾಕೆಂದರೆ ಓಡಿಸಿಕೊಳ್ಳುತ್ತಿರುವವನು ತನ್ನ ಹಾಗೇ ಇದ್ದಾನೆ. ಮಾತು ಅರ್ಥವಾಗದೆ ತಬ್ಬಿಬ್ಬಾಗಿರುವುದೂ ತಾನೇ.

ಆ ಹೊತ್ತಿನ ಫ್ರಾನ್ಸ್ ಹೇಗಿತ್ತು ಅಂತ ವಿದ್ಯಾರ್ಥಿಗಳು ತಿಳಿದಿರಬೇಕು. 2004ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಗುರುತುಗಳನ್ನು ನಿಷೇಧಿಸುವ ಕಾನೂನು ಬಂತು. ಚರ್ಚೆಯ ಕೇಂದ್ರ ಹುಡುಗಿಯರ ತಲೆವಸ್ತ್ರವೇ ಆಗಿತ್ತು. 2005ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಹೊರವಲಯದ ಕ್ಲಿಶಿ-ಸು-ಬುವಾದಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ಹೋದ ಇಬ್ಬರು ಹುಡುಗರು ವಿದ್ಯುತ್ ಘಟಕದಲ್ಲಿ ಸತ್ತರು. ಆಮೇಲೆ ವಾರಗಟ್ಟಲೆ ಉಪನಗರಗಳು ಹೊತ್ತಿ ಉರಿದವು. ಮುಂದಿನ ವರ್ಷದ ಅಕ್ಟೋಬರಿನಲ್ಲಿ ಈ ಚಿತ್ರ ಥಿಯೇಟರಿಗೆ ಬಂತು. ವರ್ಷಗಟ್ಟಲೆ ಕೂತು ಮಾಡಿದ ಚಿತ್ರ, ಆ ಘಟನೆಗಳಿಗೆ ಕೊಟ್ಟ ಉತ್ತರ ಅಂತ ಹೇಳಲಾಗದು. ಆದರೆ ನೋಡಿದವರು ಆ ಹೊಗೆಯ ವಾಸನೆ ಮೂಗಿನಲ್ಲಿಟ್ಟುಕೊಂಡೇ ನೋಡಿರಬೇಕು.

ಕಣ್ಣು ಮುಚ್ಚಿದ ಅಝೂರ್‌ಗೆ ಜೊತೆಯಾಗುವವನು ಕ್ರಾಪೂ. ಕನ್ನಡಕ ಹಾಕಿದ ಭಿಕ್ಷುಕ, ಅವನೂ ಅಝೂರ್‌ನ ನಾಡಿನವನೇ. 'ನಿನಗೆ ದಾರಿ ತೋರಿಸ್ತೀನಿ, ನೀನು ನನ್ನನ್ನು ಹೊತ್ತುಕೋ' ಅನ್ನೋ ಒಪ್ಪಂದ ಮಾಡಿಕೊಂಡು ಹೆಗಲೇರಿ ಕೂತುಬಿಡುತ್ತಾನೆ. ಕೂತಲ್ಲಿಂದ ಆ ನಾಡಿನ ಬಗ್ಗೆ ಗೊಣಗಿದ್ದೇ ಗೊಣಗಿದ್ದು. ಇಲ್ಲಿಯ ಜನ ಸರಿಯಿಲ್ಲ, ಇಲ್ಲಿಯದು ಯಾವುದೂ ನಮ್ಮೂರ ಹಾಗಿಲ್ಲ. ಇಂಥವರನ್ನು ನೀವು ನೋಡಿದ್ದೀರಿ. ಮೂವತ್ತು ವರ್ಷದಿಂದ ಒಂದೇ ಊರಿನಲ್ಲಿದ್ದು, ಅಲ್ಲಿಯದೇ ಅನ್ನ ತಿಂದು, ದಿನಾ ಸಂಜೆ ಆ ಊರನ್ನು ಬೈಯುವ ಸಂಬಂಧಿಕರು ನಮ್ಮಲ್ಲಿ ಯಾರಿಗಿಲ್ಲ? ಬರಬರುತ್ತಾ ಗೊತ್ತಾಗುತ್ತೆ, ಕ್ರಾಪೂ ಕೂಡ ಒಂದು ಕಾಲಕ್ಕೆ ಯಕ್ಷಿಯನ್ನು ಹುಡುಕಿ ಬಂದು ಸೋತವನು. ಬೈಯುತ್ತಲೇ ಆ ನಾಡಿಗೆ ಅಂಟಿಕೊಂಡಿದ್ದಾನೆ. ಬೇರೆ ಚಿತ್ರಗಳಲ್ಲಿ ಇಂಥವನು ನಗಿಸಿ ಹೋಗುವ ಪಾತ್ರ. ಇಲ್ಲಿ ಅವನ ಗೊಣಗಾಟದ ಅಡಿಯಲ್ಲಿ ಊರಿಗೆ ಮರಳಲಾಗದವನ ನೋವಿದೆ.

ಇದಕ್ಕೆ ಎದುರಾಗಿ ಅಝೂರ್‌ನ ಕೈ ಕೆಲಸ ಮಾಡುತ್ತೆ. ಕಣ್ಣು ಮುಚ್ಚಿಕೊಂಡವನು ಮುಟ್ಟಿ, ಮೂಸಿ, ಕೇಳಿ ಊರನ್ನು ಅರಿಯುತ್ತಾನೆ. ಕಣ್ಣಿದ್ದವರು ಎಷ್ಟೋ ಕಾಲ ಹುಡುಕಿ ಸಿಗದ ಕೀಲಿಕೈ ಅವನ ಬೆರಳಿಗೆ ಸಿಗುತ್ತೆ. ಹೊಸ ಊರಿನಲ್ಲಿ ಮೊದಲ ದಿನಗಳನ್ನು ಕಳೆದ ಯಾರಿಗಾದರೂ ಇದು ಗೊತ್ತು. ಬೋರ್ಡು ಓದಲು ಬಾರದವನು ವಾಸನೆಯಿಂದಲೇ ಹೋಟೆಲಿನ ಗುರುತು ಹಿಡಿಯುತ್ತಾನೆ.

ನಾಲ್ಕನೆಯದು ಅಸ್ಮರ್‌ನ ಸಿಟ್ಟು. ಈ ಚಿತ್ರ ಮೆಚ್ಚುವವರೂ ಅಸ್ಮರ್‌ನನ್ನು ಒರಟ, ಮುನಿಸುಗಾರ ಅಂತ ಬಿಡ್ತಾರೆ. ನನಗೆ ಚಿತ್ರದ ಜೀವ ಅವನಲ್ಲೇ ಇದೆ ಅನ್ನಿಸುತ್ತೆ. ಅಝೂರ್ ತೋಳು ಚಾಚಿ ಬಂದಾಗ ಅವನು ತಬ್ಬಿಕೊಳ್ಳಲ್ಲ. ನಿನ್ನ ಅಪ್ಪ ನಮ್ಮನ್ನು ಬೀದಿಗೆ ತಳ್ಳಿದ, ನಾವು ಪಟ್ಟ ಪಾಡು ನಿನಗೇನು ಗೊತ್ತು ಅನ್ನೋದು ಅವನ ಮಾತಿನ ಸಾರ. ಅಝೂರ್ ವೈಯಕ್ತಿಕವಾಗಿ ತಪ್ಪು ಮಾಡಿಲ್ಲ, ಅವನೂ ಆಗ ಮಗುವೇ. ಆದರೂ ಮರೆಯುವ ಹಕ್ಕು ಅಝೂರ್‌ಗೆ ಎಷ್ಟು ಸುಲಭವಾಗಿ ಸಿಕ್ಕಿದೆ ನೋಡಿ! ಅವನಿಗೆ ಬಾಲ್ಯ ಅಂದರೆ ಹಾಡು, ಕತೆ. ಅಸ್ಮರ್‌ಗೆ ಬಾಲ್ಯ ಅಂದರೆ ಪಕ್ಕದಲ್ಲಿ ನಿಂತು ಅಝೂರ್‌ನ ಪಾಠ ಕದ್ದು ನೋಡಿ ಕಲಿತದ್ದು, ಕೊನೆಗೆ ಹೊರದಬ್ಬಿಸಿಕೊಂಡದ್ದು. ಒಂದೇ ಅಂಗಳದ ನೆನಪು ಇಬ್ಬರಿಗೆ ಎರಡು ಥರ. ಇದನ್ನು ಓಸ್ಲೋ ಅವಸರ ಮಾಡಿ ಸರಿಪಡಿಸಲ್ಲ. 'ಹಳೆಯದನ್ನು ಮರೆತುಬಿಡಪ್ಪ' ಅಂತ ಬುದ್ಧಿ ಹೇಳಲು ಯಾವ ಹಿರಿಯರನ್ನೂ ಕರೆಸಲ್ಲ. ದಾರಿಯುದ್ದಕ್ಕೂ ಅಪಾಯಗಳು ಬರ್ತವೆ, ಒಬ್ಬರನ್ನೊಬ್ಬರು ಕಾಪಾಡಬೇಕಾಗುತ್ತೆ, ಸಿಟ್ಟು ಕೆಲಸದಲ್ಲಿ ಕರಗುತ್ತೆ. ಕೊನೆಯ ಹಂತದಲ್ಲಿ ಗಾಯಗೊಂಡ ಅಸ್ಮರ್‌ನನ್ನು ಅಝೂರ್ ಹೊತ್ತು ನಡೆಯುತ್ತಾನೆ. ಯಜಮಾನನ ಮಗ ದಾದಿಯ ಮಗನನ್ನು ಹೊರುವ ಆ ಹೊತ್ತಿಗೆ, ಯಾರೂ ಬಾಯಿಬಿಟ್ಟು ಕ್ಷಮೆ ಕೇಳದಿದ್ದರೂ, ಸಾಲದ ಒಂದು ಕಂತು ತೀರಿದೆ.

ಇನ್ನು ಅಂದದ ವಿಷಯ. ಅಭಿಮಾನಿಗಳು ಹೊಗಳಿದ್ದು ಸುಳ್ಳಲ್ಲ. ಓಸ್ಲೋ ಮೊದಲು ನೆರಳುಬೊಂಬೆಯಂಥ ಚಿತ್ರಗಳಿಂದ ಹೆಸರಾದವರು. ಇಲ್ಲಿ ಮೊದಲ ಸಲ ಕಂಪ್ಯೂಟರಿನ ಮೂರು ಆಯಾಮದ ತಂತ್ರ ಬಳಸಿದರು. ಆದರೆ ಅದನ್ನು ಎಲ್ಲರ ಹಾಗೆ ಬಳಸಲಿಲ್ಲ. ಮುಖಕ್ಕೆ, ಕೈಗೆ ದುಂಡುತನ ಇದೆ; ತೊಟ್ಟ ಬಟ್ಟೆಗೆ ನೆರಳಿಲ್ಲ, ಮಡಿಕೆಯಿಲ್ಲ, ಬಣ್ಣದ ಕಾಗದ ಕತ್ತರಿಸಿ ಇಟ್ಟ ಹಾಗೆ ಚಪ್ಪಟೆ. ಹಿನ್ನೆಲೆಯ ಜಾಲಿ, ಹೆಂಚಿನ ಕುಸುರಿ, ತೋಟದ ಎಲೆ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತೆ. ಪರ್ಷಿಯನ್ ಕಿರುಚಿತ್ರಗಳಲ್ಲಿ ದೂರದ್ದೂ ಹತ್ತಿರದ್ದೂ ಒಂದೇ ನಿಚ್ಚಳದಲ್ಲಿ ಇರುತ್ತಲ್ಲ, ಹಾಗೆ. ಬಿಜಾಪುರದ ಆದಿಲ್‌ಶಾಹಿ ಕಾಲದ ದಖನಿ ಚಿತ್ರಗಳನ್ನು ಕಂಡವರಿಗೆ ಈ ಕಣ್ಣು ಹೊಸದೇನಲ್ಲ. ಆ ಚಪ್ಪಟೆತನಕ್ಕೆ ಅರ್ಥವೂ ಇದೆ. ಹಿಂದೆ ನಿಂತವನು ಮಸುಕಾಗಲ್ಲ. ಸಂತೆಯ ಮೂಲೆಯ ಮಸಾಲೆ ವ್ಯಾಪಾರಿಗೂ ನಾಯಕನಷ್ಟೇ ಬೆಳಕು ಬೀಳುತ್ತೆ.

ಹಾಗಂತ ಚಿತ್ರದಲ್ಲಿ ಕೊರತೆ ಇಲ್ಲವಾ? ಇದೆ. ಪಾತ್ರಗಳ ನಡಿಗೆ ಬೊಂಬೆಯ ನಡಿಗೆ, ಅವಸರದ ಚಿತ್ರಗಳಿಗೆ ಒಗ್ಗಿದ ಮಕ್ಕಳು ಮೊದಲ ಅರ್ಧಗಂಟೆ ಕೊಸರಾಡಬಹುದು. ಯಕ್ಷಿಯಂತೂ ಕೊನೆವರೆಗೂ ಕಾದು ಕೂತ ಬಹುಮಾನವೇ. ಜೆನಾನ್‌ಳಂಥ ವ್ಯಾಪಾರಿಯನ್ನು, ಸುರಕ್ಷೆಯ ಹೆಸರಿನಲ್ಲಿ ಅರಮನೆಯೊಳಗೆ ಕೂಡಿಹಾಕಲ್ಪಟ್ಟೂ ರಾತ್ರಿ ಕದ್ದು ಮರವೇರಿ ತನ್ನ ಊರು ನೋಡುವ ಪುಟ್ಟ ರಾಜಕುಮಾರಿ ಶಮ್ಸುಸ್ಸಬಾಹ್‌ಳನ್ನು ಸೃಷ್ಟಿಸಿದವರು, ಯಕ್ಷಿಗೂ ಮಾಡಲು ಏನಾದರೂ ಕೊಡಬಹುದಿತ್ತು. ಕೊನೆಯಲ್ಲಿ ಯಾರಿಗೆ ಯಾರು ಜೋಡಿ ಅನ್ನೋ ತೀರ್ಮಾನವೂ ಲೆಕ್ಕ ಸರಿಹೊಂದಿಸಿದ ಹಾಗಿದೆ: ಬಿಳಿಗೆ ಕಪ್ಪು, ಕಪ್ಪಿಗೆ ಬಿಳಿ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದು. ಜೆನಾನ್‌ಗೆ ನ್ಯಾಯ ಸಿಗೋದು ಅವಳು ಶ್ರೀಮಂತೆ ಆದ ಮೇಲೆ. ಒಂದು ವೇಳೆ ಅವಳು ಬಡವಳಾಗಿಯೇ ಉಳಿದಿದ್ದರೆ? ಅಝೂರ್ ಬಂದು ಬಾಗಿಲು ತಟ್ಟಿದಾಗ ಅದು ಗುಡಿಸಲಿನ ಬಾಗಿಲಾಗಿದ್ದರೆ ಇಬ್ಬರು ಮಕ್ಕಳಿಗೆ ಸಮನಾಗಿ ಹಂಚಲು ಅವಳ ಹತ್ತಿರ ಏನಿರುತ್ತಿತ್ತು? ನಾವಿರುವ ಊರುಗಳಲ್ಲಿ ಪರರ ಮಕ್ಕಳನ್ನು ಎತ್ತಿ ಆಡಿಸಿ ದೊಡ್ಡ ಮಾಡುವ ಜೆನಾನ್‌ಗಳು ಎಷ್ಟೋ ಮಂದಿ ಇದ್ದಾರೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಬಂದವರೂ ಅವರಲ್ಲಿದ್ದಾರೆ. ಮಗು ಶಾಲೆಗೆ ಹೋಗುವಷ್ಟಾದ ಮೇಲೆ 'ನಾಳೆಯಿಂದ ಬರಬೇಡಮ್ಮ' ಅಂತ ಹೇಳಿಸಿಕೊಂಡವರು. ಆ ಮಗುವಿಗೆ ಕಲಿಸಿದ ಹಾಡು, ಹೇಳಿದ ಕತೆ ಯಾವ ಲೆಕ್ಕಕ್ಕೂ ಬರಲ್ಲ. ಅವರಿಗೆ ಯಾವ ಅರಮನೆಯೂ ಕಾದಿಲ್ಲ. ಚಿತ್ರ ಈ ಪ್ರಶ್ನೆಯನ್ನು ಕಾಲ್ಪನಿಕ ಕತೆಯ ಸಿರಿಯಲ್ಲಿ ಮುಚ್ಚಿಬಿಡುತ್ತೆ. ಅದನ್ನು ಮತ್ತೆ ತೆರೆಯುವ ಕೆಲಸ ನೋಡುವವರದು.

ಆದರೂ ಅಷ್ಟು ದೂರ ಕರೆದುಕೊಂಡು ಹೋಗುವ ಮಕ್ಕಳ ಚಿತ್ರ ಎಷ್ಟಿವೆ ಹೇಳಿ? ಹೊಡೆದಾಟ, ರೆಕ್ಕೆಯ ಹಕ್ಕಿ, ಕೆಂಪು ಸಿಂಹ, ಬೆಟ್ಟದೊಳಗಿನ ಬಾಗಿಲು, ಎಲ್ಲ ಸಾಹಸವೂ ಇದರಲ್ಲಿದೆ. ಜ್ಞಾನ ಕೇಳಲು ಹೋದರೆ ಬಾಗಿಲು ತೆರೆಯುವವನು ಒಬ್ಬ ಯಹೂದಿ ವಿದ್ವಾಂಸ, ದಾರಿ ಹೇಳುವವಳು ಮುಸ್ಲಿಂ ನಾಡಿನ ಬಾಲೆ, ಹೊರಟವರು ಒಂದೇ ಹಾಲಿನ ಇಬ್ಬರು. ಇದನ್ನೆಲ್ಲ ಭಾಷಣ ಮಾಡಿ ಹೇಳದೆ, ಯಾರು ಯಾರ ಮನೆಗೆ ಹೋದರು, ಯಾರು ಯಾರನ್ನು ಹೊತ್ತರು, ಯಾರ ಮಾತು ಯಾರಿಗೆ ಅರ್ಥವಾಗಲಿಲ್ಲ ಅನ್ನೋದರಲ್ಲೇ ಹೇಳಿದ್ದಾರೆ.

ನೀವು ನೋಡುವಾಗ ಒಂದು ಕೆಲಸ ಮಾಡಿ. ಚಿತ್ರದ ಅವಧಿ ಎರಡು ಗಂಟೆಗಿಂತ ಕಡಿಮೆ, ಒಂದೇ ಸಂಜೆಗೆ ಮುಗಿಯುತ್ತೆ. ಫ್ರೆಂಚ್ ಮಾತಿಗೆ ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಇರಲಿ, ಆದರೆ ಅರಬಿ ಬಂದಾಗ ಏನಂದರು ಅಂತ ಫೋನು ತೆಗೆದು ಹುಡುಕಬೇಡಿ. ಮಕ್ಕಳು 'ಏನಂತೆ ಅಮ್ಮಿ?' ಅಂತ ಕೇಳಿದರೆ 'ನಿನಗೇನು ಅನ್ನಿಸುತ್ತೆ?' ಅಂತ ತಿರುಗಿ ಕೇಳಿ. ದನಿ ಕೇಳಿ ಊಹೆ ಮಾಡಲಿ. ಕಾಲೇಜಿನ ವಿದ್ಯಾರ್ಥಿಗಳು ಗುಂಪಾಗಿ ನೋಡುವುದಾದರೆ, ಅಸ್ಮರ್‌ನ ಕಡೆಯಿಂದ ಈ ಕತೆಯನ್ನು ಒಮ್ಮೆ ಬರೆದು ನೋಡಿ. ಯಜಮಾನನ ಮನೆಯಿಂದ ಹೊರಬಿದ್ದ ರಾತ್ರಿಗೂ ಆ ಶ್ರೀಮಂತ ಮನೆಗೂ ನಡುವಿನ ವರ್ಷಗಳು ತೆರೆಯ ಮೇಲೆ ಇಲ್ಲ. ಕೈಯಲ್ಲಿ ಕಾಸಿಲ್ಲದ ಹೆಂಗಸು, ಪಕ್ಕದಲ್ಲಿ ಒಬ್ಬ ಹುಡುಗ, ಎದುರಿಗೆ ಕಡಲು. ಅವರು ಹೇಗೆ ದಾಟಿದರು, ಯಾರು ಅನ್ನ ಕೊಟ್ಟರು, ಯಾವ ಭಾಷೆಯಲ್ಲಿ ಬೇಡಿದರು ಅನ್ನೋದನ್ನು ಓಸ್ಲೋ ನಮಗೆ ಬಿಟ್ಟಿದ್ದಾರೆ.